ಬೀದರಿನ ಸುರಂಗ ಬಾವಿಗಳು

ಬೀದರಿಗೆ ಬರುವ ಪ್ರವಾಸಿಗನು ಕೋಟೆಯನ್ನೂ, 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸವನ್ನೂ, ಅಷ್ಟೂರಿನ ಗುಮ್ಮಟಗಳನ್ನೂ ನೋಡಿ ಹಿಂದಿರುಗುತ್ತಾನೆ. ಈ ಕಟ್ಟಡಗಳ ವಿಚಾರವಾಗಿ ಬರೆದವರು ಅನೇಕರು. ಆದರೆ ಇವುಗಳನ್ನು ಕಟ್ಟಿದ ಜನರೂ ಇವುಗಳ ನೆರಳಿನಲ್ಲಿ ಬಾಳಿದ ಜನರೂ ಕುಡಿದ ನೀರು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ನಮ್ಮ ಇತಿಹಾಸ ಗ್ರಂಥಗಳು ಕೇಳಿರುವುದು ಅಪೂರ್ವ. ಊರು ಎತ್ತರವಾದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಮಾಂಜರಾ ನದಿಯು ಹರಿಯುವುದು ಕೆಳಗಿನ ಬಯಲಿನಲ್ಲಿ. 1422ರಲ್ಲಿ ಪಟ್ಟವೇರಿದ ಬಹಮನೀ ಸುಲ್ತಾನ ಅಹಮದ್ ಶಾಹನು ಕೆಲವೇ ವರ್ಷಗಳಲ್ಲಿ ಕಲಬುರಗಿಯನ್ನು ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದನು. ದಂಡು, ಆನೆಕುದುರೆಗಳು, ಕುಶಲಕರ್ಮಿಗಳು, ದೂರದೇಶಗಳ ವರ್ತಕರು, ಎಲ್ಲರೂ ನದಿಯಿಲ್ಲದ ಈ ಎತ್ತರಕ್ಕೆ ಏರಿ ಬಂದರು. 1470ರ ಸುಮಾರಿಗೆ ಇಲ್ಲಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಈ ನಗರದ ಜನಸಂದಣಿಯನ್ನು ತನ್ನ ಬರಹದಲ್ಲಿ ದಾಖಲಿಸಿದ್ದಾನೆ. ಅವರೆಲ್ಲರಿಗೂ ನೀರು ಬೇಕಾಗಿದ್ದಿತಷ್ಟೆ.

ಉತ್ತರವು ಕಲ್ಲಿನಲ್ಲಿದೆ. ಬೀದರಿನ ನೆಲದ ಮೇಲ್ಪದರವು ಲ್ಯಾಟರೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಜಂಬಿಟ್ಟಿಗೆ ಕಲ್ಲು. ಅದರ ಅಡಿಯಲ್ಲಿರುವುದು ದಖ್ಖನದ ಕಪ್ಪು ಬಸಾಲ್ಟ್ ಶಿಲೆ. ಜಂಬಿಟ್ಟಿಗೆಯ ಮೈಯೆಲ್ಲ ರಂಧ್ರ. ಮಳೆಯ ನೀರು ಅದರಲ್ಲಿ ಇಂಗಿ ಕೆಳಗಿಳಿಯುತ್ತದೆ. ಅಡಿಯ ಜೇಡಿಪದರವೂ ಗಟ್ಟಿಶಿಲೆಯೂ ಅದನ್ನು ಮುಂದಕ್ಕೆ ಬಿಡವು. ಹೀಗೆ ತಡೆಯಲ್ಪಟ್ಟ ನೀರು ಪಕ್ಕಕ್ಕೆ ಜರುಗಿ, ಪ್ರಸ್ಥಭೂಮಿಯ ಅಂಚು ಕಡಿದುಬಿದ್ದೆಡೆಗಳಲ್ಲಿ ಒರತೆಯಾಗಿ ಹೊರಬೀಳುತ್ತದೆ. ಭಕ್ತರು ಗುಹೆಯೊಳಗಿನ ನೀರಿನಲ್ಲಿ ನಡೆದುಹೋಗಿ ದರ್ಶನ ಪಡೆಯುವ ನರಸಿಂಹ ಝರಣಿ, ಗುರುನಾನಕರ ನೆನಪಿನೊಡನೆ ಬೆರೆತ ನಾನಕ್ ಝೀರಾ, ಪಾಪನಾಶದ ಶಿವಾಲಯದ ಒರತೆ, ಇವೆಲ್ಲವೂ ಈ ಬಗೆಯವೇ. ಯಾತ್ರಿಕರ ಮತಗಳು ಬೇರೆಯಾದರೂ ಅವರನ್ನು ಬರಮಾಡಿಕೊಳ್ಳುವ ನೀರು ಒಂದೇ ಪ್ರಸ್ಥಭೂಮಿಯ ಒಡಲಿನದು.

ಒರತೆ ತಾನಾಗಿ ಹೊರಬರುವೆಡೆಯಲ್ಲಿಯೇ ಊರು ಕಟ್ಟಲಾಗುವುದಿಲ್ಲ. ನೀರನ್ನು ಬೇಕಾದೆಡೆಗೆ ತರಲು ಬಹಮನೀ ಕಾಲದವರು ಕಂಡುಕೊಂಡ ಉಪಾಯವೇ ಸುರಂಗ ಬಾವಿ. ಪಾರಸಿಯಲ್ಲಿ ಇದಕ್ಕೆ ಕರೇಜ್ ಎಂದೂ ಕನಾತ್ ಎಂದೂ ಹೆಸರು. ಮೊದಲು ಎತ್ತರದ ನೆಲದಲ್ಲಿ, ಅಂತರ್ಜಲವನ್ನು ಮುಟ್ಟುವವರೆಗೆ ತಾಯಿಬಾವಿಯೊಂದನ್ನು ತೋಡುವರು. ಅಲ್ಲಿಂದ ತಗ್ಗಿನ ಕಡೆಗೆ, ನೆಲದ ಇಳಿಜಾರಿಗಿಂತ ಕಡಿಮೆ ಇಳಿಜಾರಿನ ಸುರಂಗವನ್ನು ಕೊರೆಯುವರು. ಸುರಂಗದ ಓಟ ಚಪ್ಪಟೆ, ಮೇಲಿನ ನೆಲದ್ದು ಕಡಿದು. ಆದುದರಿಂದ ಒಂದೆಡೆ ಎರಡೂ ಕೂಡಿ ನೀರು ಬೆಳಕಿಗೆ ಬರುತ್ತದೆ. ನಡುನಡುವೆ ನೆಟ್ಟಗೆ ಇಳಿಯುವ ಗಾಳಿಗಂಡಿಗಳುಂಟು. ತೋಡಿದ ಮಣ್ಣನ್ನು ಮೇಲೆತ್ತುವುದು, ಒಳಗಿನವರಿಗೆ ಉಸಿರು ಒದಗಿಸುವುದು, ಮುಂದೆ ಹೂಳು ತೆಗೆಯುವವರಿಗೆ ದಾರಿಯಾಗುವುದು ಅವುಗಳ ಕೆಲಸ. ಇಳಿಜಾರು ಹೆಚ್ಚಾದರೆ ನೀರು ಸುರಂಗದ ನೆಲವನ್ನು ಕೊರೆದುಬಿಡುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ದೀಪದ ಬೆಳಕಿನಲ್ಲಿ ಈ ಲೆಕ್ಕವನ್ನು ತಪ್ಪದೆ ಸಾಧಿಸಿದವರ ಹೆಸರುಗಳನ್ನು ಯಾವ ಶಾಸನವೂ ಹೇಳುವುದಿಲ್ಲ. ಜಂಬಿಟ್ಟಿಗೆಯಿಂದ ಅವರಿಗೊಂದು ಅನುಕೂಲವಿದ್ದಿತು. ಹೊಸದಾಗಿ ಕಡಿಯುವಾಗ ಅದು ಮೆದು, ಗಾಳಿಗೆ ತೆರೆದ ಮೇಲೆ ಗಡಸು. ಸುರಂಗಕ್ಕೆ ಒಳಗಟ್ಟಡ ಹೆಚ್ಚಾಗಿ ಬೇಕಾಗದು. ಕೋಟೆಯ ಮೂರು ಸಾಲಿನ ಕಂದಕವೂ ಇದೇ ಬಂಡೆಯಲ್ಲಿ ಕಡಿದುದೆಂಬುದನ್ನು ನೆನೆಯಬಹುದು.

ಈ ವಿದ್ಯೆ ಇರಾನಿನಿಂದ ಬಂದುದೆಂಬುದರಲ್ಲಿ ವಿವಾದವಿಲ್ಲ. ಅಲ್ಲಿಯ ಹನ್ನೊಂದು ಕನಾತ್‌ಗಳನ್ನು ಯುನೆಸ್ಕೊ ಸಂಸ್ಥೆಯು 2016ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಹಮನೀ ಆಸ್ಥಾನದಲ್ಲಿ ಪಾರಸಿಕರಿಗೆ ಕೊರತೆಯಿರಲಿಲ್ಲ, ಗವಾನನೇ ಗೀಲಾನಿನವನು. ಆದರೂ ಇದನ್ನು ತೀರ ಪರಕೀಯವೆಂದು ಬದಿಗಿಡುವುದು ಸರಿಯಲ್ಲ. ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ತೋಟಗಳಲ್ಲಿ ಕೃಷಿಕರು ಗುಡ್ಡದ ಮೈಗೆ ಅಡ್ಡಸುರಂಗ ತೋಡಿ ನೀರು ಪಡೆಯುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿಯೂ ಕಲ್ಲು ಜಂಬಿಟ್ಟಿಗೆಯೇ.

ಈಚೆಗೆ ಬಳಕೆಗೆ ಬಂದಿರುವ ‘ಸುಸ್ಥಿರತೆ’ ಎಂಬ ಪದಕ್ಕೆ ಬೀದರು ಕೊಡುವ ಅರ್ಥವು ಸ್ಪಷ್ಟವಾಗಿದೆ. ಸುರಂಗ ಬಾವಿಯಲ್ಲಿ ನೀರೆತ್ತುವ ಯಂತ್ರವಿಲ್ಲ. ಅಂತರ್ಜಲವು ಸುರಂಗದ ನೆಲಕ್ಕಿಂತ ಮೇಲಿರುವವರೆಗೆ ಮಾತ್ರ ಅದು ಹರಿಯುತ್ತದೆ. ಮಳೆ ಕೊಟ್ಟುದಕ್ಕಿಂತ ಹೆಚ್ಚನ್ನು ಪಡೆಯುವ ಶಕ್ತಿಯೇ ಅದಕ್ಕಿಲ್ಲ. ಕೊಳವೆ ಬಾವಿಗೆ ಈ ಮಿತಿಯಿಲ್ಲ. ಅದು ಕೆಳಗೆ ಕೆಳಗೆ ಇಳಿಯಬಲ್ಲುದು. ಇಳಿದಂತೆಲ್ಲ ಮೇಲಿನ ಸುರಂಗವು ಬತ್ತುವುದು. ಒಂದು ಇಡೀ ಕೇರಿಯ ಸೊತ್ತು, ಇನ್ನೊಂದು ಒಂದು ಮನೆಯದು. ಹಳೆಯದರ ಹೂಳು ತೆಗೆಯಬೇಕಾದರೆ ಹತ್ತು ಮಂದಿ ಕೂಡಬೇಕು, ಹೊಸದಕ್ಕೆ ಗುಂಡಿಯೊತ್ತಿದರೆ ಸಾಕು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಬೇಸಗೆಯಲ್ಲಿ ಕೊಡ ಹಿಡಿದು ಕಾಯುವ ಗೃಹಿಣಿಗೆ ಇತಿಹಾಸದ ಉಪನ್ಯಾಸವು ನೀರಾಗದು.

ನಗರದ ಹೊರವಲಯದ ನೌಬಾದಿನಲ್ಲಿರುವ ಸುರಂಗ ಬಾವಿಯು ಬಹುಕಾಲ ಮರೆತುಹೋಗಿದ್ದಿತು. ಅದರ ಗಾಳಿಗಂಡಿಗಳು ಕಸಮಣ್ಣಿನಿಂದ ತುಂಬಿದ್ದುವು. ಸುಮಾರು ಹತ್ತು ಹನ್ನೆರಡು ವರ್ಷಗಳ ಹಿಂದೆ ಕೇರಳದ ಭೂಗೋಳ ಅಧ್ಯಾಪಕರಾದ ವಲ್ಲಿಯಿಲ್ ಗೋವಿಂದನ್‌ಕುಟ್ಟಿಯವರು ಸ್ಥಳೀಯ ಉತ್ಸಾಹಿಗಳೊಡನೆ ಈ ಗಂಡಿಗಳ ಸಾಲನ್ನು ಗುರುತಿಸಿ ನಕ್ಷೆ ಮಾಡಿದರು. ಇತಿಹಾಸ ವಿಭಾಗಗಳಲ್ಲಿರುವ ನಮಗೆ ಕಾಣದುದು ಭೂಗೋಳದವರಿಗೆ ಕಂಡಿತೆಂಬುದನ್ನು ಒಪ್ಪಿಕೊಳ್ಳಬೇಕು. ಬಳಿಕ ಜಿಲ್ಲಾಡಳಿತವು ಹೂಳು ತೆಗೆಯಿಸಿತು. ಹಳೆಯ ತೆರೆದ ಬಾವಿಗಳಲ್ಲಿ ಅನೇಕವನ್ನೂ ಶುಚಿಗೊಳಿಸಿತು. ಸುರಂಗವು ಎರಡು ಕಿಲೋಮೀಟರಿಗಿಂತಲೂ ಉದ್ದವಾಗಿದೆ. 2014ರಲ್ಲಿ ದಖ್ಖನದ ಸುಲ್ತಾನರ ಸ್ಮಾರಕಗಳು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದಾಗ ಬೀದರಿನವೂ ಅವುಗಳಲ್ಲಿದ್ದುವು. ಈಗ ಪ್ರವಾಸಿಗರು ಸುರಂಗವನ್ನೂ ನೋಡಲು ಬರುತ್ತಾರೆ.

ಇಲ್ಲಿಯೇ ತೊಡಕು ಮೊದಲಾಗುವುದು. ಕಳೆದ ವರ್ಷ ನೌಬಾದಿಗೆ ಹೋಗಿದ್ದಾಗ ನಮ್ಮ ವಿದ್ಯಾರ್ಥಿಯೊಬ್ಬನು ಗಂಡಿಯೊಳಗೆ ಇಣುಕಿ, “ಸಾರ್, ಇದನ್ನು ಕಾಪಾಡಬೇಕಾದರೆ ಎಲ್ಲಿಯವರೆಗೆ ಬೇಲಿ ಹಾಕಬೇಕು?” ಎಂದು ಕೇಳಿದನು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರು ನಿಷಿದ್ಧ ವಲಯ, ಅದರಾಚೆ 200 ಮೀಟರು ನಿಯಂತ್ರಿತ ವಲಯವೆಂದು 2010ರ ತಿದ್ದುಪಡಿ ಹೇಳುತ್ತದೆ. ಇದು ಗುಮ್ಮಟಕ್ಕೂ ಗೋಡೆಗೂ ಒಪ್ಪುವ ಅಳತೆ. ಸುರಂಗ ಬಾವಿಗೆ ಜೀವ ಕೊಡುವುದು ಅದರ ಗೋಡೆಯಲ್ಲ, ಮೇಲುಗಡೆ ಹರಡಿರುವ ಹೊಲ, ಮಟ್ಟಿ, ಬಯಲು. ಅಲ್ಲಿ ಬೀಳುವ ಮಳೆ ಇಂಗದೆ ಹೋದರೆ ಸುರಂಗಕ್ಕೆ ಮೆಟ್ಟಿಲು, ಕಟಕಟೆ, ವಿದ್ಯುದ್ದೀಪಗಳನ್ನು ಎಷ್ಟು ಚೆನ್ನಾಗಿ ಅಳವಡಿಸಿದರೂ ನೋಡಬಂದವರಿಗೆ ತೋರಿಸಲು ಉಳಿಯುವುದು ಒಣ ಬಿಲ ಮಾತ್ರ. ನಗರವು ಬೆಳೆಯುತ್ತಿರುವ ದಿಕ್ಕುಗಳಲ್ಲಿ ನೌಬಾದೂ ಒಂದು. ಒಂದೊಂದು ನಿವೇಶನವೂ ಕಾನೂನಿಗೆ ಸರಿಯಾಗಿಯೇ ಇರಬಹುದು. ಕಾಂಕ್ರೀಟು ಹಾಸಿದಷ್ಟು ನೆಲ ಮಳೆಯ ಪಾಲಿಗೆ ಮುಚ್ಚಿತು.

ಆದುದರಿಂದ ಬೀದರಿನಲ್ಲಿ ರಕ್ಷಣೆಯ ಗೆರೆಯನ್ನು ಕಟ್ಟಡದಿಂದಲ್ಲ, ನೀರಿಂಗುವ ನೆಲದಿಂದ ಎಳೆಯಬೇಕೆಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಮೊದಲು ಆ ನೆಲ ಎಷ್ಟೆಂಬುದು ತಿಳಿಯಬೇಕು. ಊರ ಬಾವಿಗಳ ನೀರಿನ ಮಟ್ಟವನ್ನು ಮೇ ತಿಂಗಳ ಕೊನೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ, ಗಂಟುಹಾಕಿದ ಹಗ್ಗದಿಂದ ಅಳೆದು ಬರೆದಿಡಲು ದುಬಾರಿ ಉಪಕರಣವೇನೂ ಬೇಡ. ಬೀದರಿನ ಕಾಲೇಜುಗಳ ಇತಿಹಾಸ ಮತ್ತು ಭೂಗೋಳ ವಿದ್ಯಾರ್ಥಿಗಳು ಕೇರಿಗಳನ್ನು ಹಂಚಿಕೊಂಡು ಐದು ವರ್ಷ ಈ ಕೆಲಸ ಮಾಡಿದರೆ, ನಗರದ ನಕ್ಷೆಯನ್ನು ತಿದ್ದುವವರ ಮುಂದೆ ಇಡಬಹುದಾದ ಲೆಕ್ಕವೊಂದು ಸಿದ್ಧವಾಗುತ್ತದೆ.