ಗಾಳಿ ಬಾರದ ದಿನ ತೂರಿಕೊಳ್ಳುವವರು

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಗಾಳಿ ಬಾರದೇ ಇದ್ದರೆ? ಸುಗ್ಗಿಯಲ್ಲಿ ಕಣಕ್ಕಿಳಿದ ರೈತನಿಗೆ ಈ ಪ್ರಶ್ನೆ ಹೊಸದಲ್ಲ. ಮೊರ ಕೆಳಗಿಟ್ಟು ಆಕಾಶ ನೋಡುತ್ತಾನೆ, ಚೆದುರಿದ ಕಾಳನ್ನು ರಾಶಿಗೆ ಸೇರಿಸುತ್ತಾನೆ, ಹಗ್ಗ ಹೊಸೆಯುತ್ತಾನೆ. ತೀರಾ ಅವಸರವಿದ್ದರೆ ಮೊರದಿಂದಲೇ ಬೀಸಿ ಹೊಟ್ಟು ಹಾರಿಸುತ್ತಾನೆ. ಕಣವನ್ನೇ ಕಾಣದ ಇನ್ನೊಂದು ಗುಂಪನ್ನೂ ಇದೇ ಪ್ರಶ್ನೆ ಕಾಡುತ್ತದೆ. ಅವರು ವಿಂಡ್‌ಸರ್ಫಿಂಗ್ ಆಟಗಾರರು. ಸ್ವಾರಸ್ಯವೆಂದರೆ, ಅವರು ಕಂಡುಕೊಂಡ ಉತ್ತರಗಳೂ ಹೆಚ್ಚುಕಡಿಮೆ ರೈತನವೇ.

ತೇಲುವ ಹಲಗೆಯ ಮೇಲೆ ನಿಂತು, ಹಾಯಿಯನ್ನು ಕೈಯಲ್ಲೇ ಹಿಡಿದು ನೀರಿನ ಮೇಲೆ ಸಾಗುವುದು ಈ ಆಟ. ಹಾಯಿದೋಣಿಯಲ್ಲಿ ಕಂಬ ದೋಣಿಗೆ ಭದ್ರವಾಗಿ ನೆಟ್ಟಿರುತ್ತದೆ. ಇಲ್ಲಿ ಕಂಬದ ಬುಡದಲ್ಲಿ ಎತ್ತ ಬೇಕಾದರೂ ಬಾಗುವ ಕೀಲು ಇರುತ್ತದೆ, ಚುಕ್ಕಾಣಿ ಇರುವುದಿಲ್ಲ. ಹಾಯಿಯನ್ನು ಹಿಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ, ಮುಂದಕ್ಕೆ ವಾಲಿಸಿದರೆ ಅದರಿಂದ ದೂರ ಸರಿಯುತ್ತದೆ. ಅಮೆರಿಕದ ನ್ಯೂಮನ್ ಡಾರ್ಬಿ 1960ರ ದಶಕದಲ್ಲಿ ಇಂಥದೊಂದು ಹಲಗೆಯನ್ನು ಮಾಡಿದ್ದರು. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಈಗಿನ ರೂಪ ಕೊಟ್ಟು 1970ರಲ್ಲಿ ಪೇಟೆಂಟ್ ಪಡೆದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆಟಕ್ಕೆ ಸ್ಥಾನವೂ ಸಿಕ್ಕಿತು.

ಗಾಳಿ ಸುಮಾರು 12 ನಾಟ್, ಅಂದರೆ ಗಂಟೆಗೆ 22 ಕಿಲೋಮೀಟರ್ ವೇಗ ಮುಟ್ಟಿದರೆ ಸಾಧಾರಣ ಹಲಗೆಗಳು ನೀರನ್ನು ಸೀಳುವುದನ್ನು ಬಿಟ್ಟು ಅದರ ಮೇಲೆ ಜಾರತೊಡಗುತ್ತವೆ. ಆಟದ ರೋಮಾಂಚನವೆಲ್ಲ ಈ ಜಾರುವಿಕೆಯಲ್ಲಿದೆ. ಆದರೆ ಗಾಳಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ರಜೆ ಹಾಕಿ, ಹಣ ಖರ್ಚು ಮಾಡಿ ದಡಕ್ಕೆ ಬಂದವರು ಕನ್ನಡಿಯಂಥ ನೀರನ್ನು ನೋಡುತ್ತ ಕೂರಬೇಕಾದ ದಿನಗಳೂ ಇರುತ್ತವೆ.

ಕಾಯುವುದನ್ನು ಒಂದು ವಿದ್ಯೆಯನ್ನಾಗಿಯೇ ಕಲಿಸುವ ಜಾಗ ಇಟಲಿಯ ಗಾರ್ಡಾ ಸರೋವರ. ಸುಮಾರು 370 ಚದರ ಕಿಲೋಮೀಟರ್ ವಿಸ್ತಾರದ, ಆ ದೇಶದ ಅತಿ ದೊಡ್ಡ ಸರೋವರವಿದು. ಉತ್ತರಕ್ಕೆ ಆಲ್ಪ್ಸ್ ಬೆಟ್ಟಗಳು, ದಕ್ಷಿಣಕ್ಕೆ ಬಯಲು. ರಾತ್ರಿ ತಣಿದ ಬೆಟ್ಟದ ಗಾಳಿ ‘ಪೆಲೆರ್’ ಎಂಬ ಹೆಸರಿನಲ್ಲಿ ಬೆಳಗಿನ ಜಾವ ಉತ್ತರದಿಂದ ಇಳಿದು ಬರುತ್ತದೆ. ಹೊತ್ತೇರಿ ಬೆಟ್ಟ, ಕಣಿವೆಗಳು ಕಾದಾಗ ಅಲ್ಲಿನ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಮಧ್ಯಾಹ್ನದ ಹೊತ್ತಿಗೆ ದಕ್ಷಿಣದಿಂದ ‘ಓರಾ’ ಬೀಸುತ್ತದೆ. ನಮ್ಮ ಕರಾವಳಿಯಲ್ಲಿ ಹಗಲು ಕಡಲಿನಿಂದ, ರಾತ್ರಿ ನೆಲದಿಂದ ಗಾಳಿ ಬೀಸುವುದಕ್ಕೂ ಇದೇ ಬಗೆಯ ಕಾರಣ. ಸರೋವರದ ಉತ್ತರ ತುದಿಯ ಟೋರ್ಬೋಲೆ ಊರಿನಲ್ಲಿ ಆಟಗಾರರ ದಿನಚರಿ ಈ ಎರಡು ಗಾಳಿಗಳ ಮೇಲೆ ನಿಂತಿದೆ. ಒಂದು ಅಡಗಿ ಇನ್ನೊಂದು ಏಳುವ ನಡುವೆ ಕಾಯಲೇಬೇಕು. ಮೋಡ ಕವಿದು ಬೆಟ್ಟ ಕಾಯದಿದ್ದರೆ ಓರಾ ಬಾರದೆಯೂ ಇರಬಹುದು.

ಈ ಗಾಳಿಗಳನ್ನು ನಂಬಿ ಹೊರಟವರಲ್ಲಿ ಜರ್ಮನ್ ಕವಿ ಗಯಟೆಯೂ ಒಬ್ಬ. 1786ರ ಸೆಪ್ಟೆಂಬರಿನಲ್ಲಿ ಆತ ಬೆಳಗಾಗುವ ಮೊದಲೇ ಟೋರ್ಬೋಲೆಯಿಂದ ದೋಣಿ ಹತ್ತಿದ್ದ. ಗಾಳಿ ಎದುರು ತಿರುಗಿ, ದಾರಿಯಲ್ಲೇ ಮಾಲ್ಚೆಸಿನೆ ಎಂಬ ಊರಿನಲ್ಲಿ ಇಳಿಯಬೇಕಾಯಿತು. ಸಿಕ್ಕ ಬಿಡುವಿನಲ್ಲಿ ಅಲ್ಲಿನ ಹಳೆಯ ಕೋಟೆಯ ಚಿತ್ರ ಬರೆಯುತ್ತ ಕುಳಿತ. ಊರಿನವರು ಗೂಢಚಾರನೆಂದು ಶಂಕಿಸಿ ಮುತ್ತಿಕೊಂಡರು. ಗಾಳಿ ಕೈಕೊಟ್ಟ ದಿನ ಏನು ಮಾಡಬೇಕೆಂಬುದು ಅಂದಿಗೂ ಸುಲಭದ ಪ್ರಶ್ನೆಯಾಗಿರಲಿಲ್ಲ!

ಇಂದಿನ ಆಟಗಾರರು ಏನು ಮಾಡುತ್ತಾರೆ? ಕೆಲವರು ಹಾಯಿಯ ಹರುಕಿಗೆ ತೇಪೆ ಹಚ್ಚುತ್ತಾರೆ, ಸವೆದ ಹಗ್ಗ ಬದಲಿಸುತ್ತಾರೆ, ಸೈಕಲ್ ಹತ್ತಿ ಬೆಟ್ಟದ ಕಡೆ ಹೋಗುತ್ತಾರೆ. ಹಾಯಿ ಬಿಚ್ಚಿಟ್ಟು, ಅಗಲದ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವವರೂ ಇದ್ದಾರೆ. ಬಲ್ಲವರು ಮಾತ್ರ ಸಣ್ಣ ಗಾಳಿಯಲ್ಲೂ ಹಾಯಿ ಸಮೇತ ನೀರಿಗಿಳಿಯುತ್ತಾರೆ. ಹಾಯಿಯ ಬಿಗಿತವನ್ನು ಸ್ವಲ್ಪ ಸಡಿಲಿಸಿ ಅದರ ಹೊಟ್ಟೆ ಉಬ್ಬುವಂತೆ ಮಾಡಿದರೆ, ಇರುವಷ್ಟು ಗಾಳಿಯೇ ಹೆಚ್ಚು ಕೆಲಸ ಮಾಡುತ್ತದೆ. ಹಲಗೆಯನ್ನು ಹಿಂದುಮುಂದಾಗಿ ನಡೆಸುವುದು, ಹಾಯಿಗೆ ಬೆನ್ನು ಕೊಟ್ಟು ನಿಲ್ಲುವುದು, ಹಾಯಿಯನ್ನು ಸುತ್ತಲೂ ತಿರುಗಿಸಿ ಮತ್ತೆ ಹಿಡಿಯುವುದು, ಹಲಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಅದರ ಅಂಚಿನ ಮೇಲೆಯೇ ಸಾಗುವುದು – ಇಂಥ ಕಸರತ್ತುಗಳಿಗೆ ಶಾಂತ ನೀರೇ ಅನುಕೂಲ. ಬಿರುಗಾಳಿಯಲ್ಲಿ ಕಾಲಿನ ತಪ್ಪನ್ನು ವೇಗ ಮುಚ್ಚಿಹಾಕುತ್ತದೆ. ಗಾಳಿಯಿಲ್ಲದಾಗ ಅಂಥ ಮರೆಯಿಲ್ಲ. ಪಾದ ಒಂದಂಗುಲ ತಪ್ಪಿದರೂ ನೀರಿಗೆ ಬೀಳುವುದೇ ಸರಿ.

ಅಂದು ಕಲಿಯಬೇಕಾದ ಇನ್ನೊಂದು ಪಾಠವಿದೆ. ಅದು ಜೀವ ಉಳಿಸುವ ಪಾಠ. ದಡದಿಂದ ದೂರ ಹೋದಾಗ ಗಾಳಿ ಸತ್ತರೆ ಹಿಂದಿರುಗುವುದು ಹೇಗೆ? ಹಾಯಿಯನ್ನು ಬಿಚ್ಚಿ ಸುತ್ತಿ ಹಲಗೆಯ ಮೇಲಿಟ್ಟು, ಅದರ ಮೇಲೆ ಮಲಗಿ ಕೈಯಿಂದ ನೀರು ತಳ್ಳುತ್ತ ಬರಬೇಕು. ಈಜು ಬರುತ್ತದೆಂದು ಹಲಗೆಯನ್ನು ಬಿಟ್ಟು ಹೊರಡುವುದು ದೊಡ್ಡ ತಪ್ಪು. ಹಲಗೆ ತೇಲುತ್ತದೆ, ಹುಡುಕುವವರ ಕಣ್ಣಿಗೂ ಬೀಳುತ್ತದೆ. ಶಕ್ತಿ ಮುಗಿದರೆ ಎರಡೂ ತೋಳುಗಳನ್ನು ಬದಿಗೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು. ಇದು ಎಲ್ಲ ದೇಶಗಳ ನಾವಿಕರಿಗೂ ಅರ್ಥವಾಗುವ ಆಪತ್ತಿನ ಸಂಕೇತ. ಇದನ್ನೆಲ್ಲ ದಡದ ಹತ್ತಿರದ ಶಾಂತ ನೀರಿನಲ್ಲಿ ಮೊದಲೇ ಮಾಡಿ ನೋಡಿದವನು ಆಪತ್ತಿನಲ್ಲಿ ಗಾಬರಿಯಾಗುವುದಿಲ್ಲ.

ಇನ್ನು ಮೊರದಿಂದ ಬೀಸುವ ರೈತನ ಉಪಾಯ. ಗಾಳಿ ಬಾರದಿದ್ದರೆ ಹಾಯಿಯನ್ನೇ ಬೀಸಣಿಗೆ ಮಾಡಿಕೊಂಡು ಮತ್ತೆ ಮತ್ತೆ ಮೈಕಡೆಗೆ ಎಳೆಯುವುದುಂಟು. ಇದಕ್ಕೆ ‘ಪಂಪಿಂಗ್’ ಎನ್ನುತ್ತಾರೆ. ಹಲಗೆ ಮುಂದೆ ಹೋಗುತ್ತದೆ, ಜೊತೆಗೆ ಜಗಳವೂ ಬರುತ್ತದೆ. ಹಾಯಿ ಸ್ಪರ್ಧೆಗಳ ಅಂತರರಾಷ್ಟ್ರೀಯ ನಿಯಮಾವಳಿಯ 42ನೇ ನಿಯಮದ ತಿರುಳು, ಗಾಳಿ ಮತ್ತು ನೀರಿನ ಬಲದಿಂದಷ್ಟೇ ಸಾಗಬೇಕು ಎಂಬುದು. ಆದರೆ ಯಾರು ಎಷ್ಟು ಬೀಸಿದರೆಂದು ತೀರ್ಪುಗಾರರು ಲೆಕ್ಕ ಹಿಡಿಯುವುದು ಕಷ್ಟ. 1990ರ ದಶಕದಲ್ಲಿ ಒಲಿಂಪಿಕ್ ಹಲಗೆಗಳಿಗೆ ಈ ಕಟ್ಟು ಸಡಿಲವಾಯಿತು. ಅಲ್ಲಿಂದ ಮುಂದೆ ಸಣ್ಣ ಗಾಳಿಯ ಓಟಗಳು ದೋಣಿಗೆ ಹುಟ್ಟು ಹಾಕುವ ಸ್ಪರ್ಧೆಯಷ್ಟೇ ಮೈಮುರಿಯುವ ಕೆಲಸವಾದವು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಇಬಾದ್ ಅಲಿ ಕಂಚು ಗೆದ್ದದ್ದು ಆರ್‌ಎಸ್‌ಎಕ್ಸ್ ಎಂಬ ಇಂಥದೇ ಹಲಗೆಯ ಮೇಲೆ. ಇದು ಗಾಳಿಯ ಆಟವೋ, ತೋಳಿನ ಆಟವೋ? ದೇಹಬಲವೂ ಆಟದ ಭಾಗ ಎನ್ನುವವರಿದ್ದಾರೆ. ಗಾಳಿಯನ್ನು ಓದುವ ಜಾಣ್ಮೆಗೆ ಬೆಲೆ ಹೋಯಿತು ಎಂದು ಮರುಗುವವರೂ ಇದ್ದಾರೆ.

ಈ ಜಗಳಕ್ಕಿಂತ ಮೊದಲೇ ಇನ್ನೊಂದು ಬದಲಾವಣೆ ನಡೆದಿತ್ತು. ಮೊದಲ ಕಾಲದ ಹಲಗೆ ಸುಮಾರು 12 ಅಡಿ ಉದ್ದವಿತ್ತು. ಮಂದಗಾಳಿಯಲ್ಲೂ ಮನೆಮಂದಿಯೆಲ್ಲ ಅದರ ಮೇಲೆ ಆಡಬಹುದಿತ್ತು. 1980ರ ದಶಕದಲ್ಲಿ ಗಿಡ್ಡ ಹಲಗೆಗಳು ಬಂದವು. ಅವುಗಳ ವೇಗ ಹೆಚ್ಚು, ಆದರೆ ಜೋರು ಗಾಳಿಯಿಲ್ಲದೆ ಅವು ನಿಂತವನನ್ನು ಹೊರಲೂ ಒಲ್ಲವು. ಜೋರು ಗಾಳಿಯ ದಿನವೇ ಆಟದ ದಿನ ಎಂದಾದ ಮೇಲೆ, ಹೊಸಬರಿಗೆ ಮತ್ತು ಬಿಡುವು ಕಡಿಮೆ ಇರುವವರಿಗೆ ಆಟ ದೂರವಾಯಿತು. ಹಳೆಯ ಉದ್ದ ಹಲಗೆಯ ಮಾದರಿ ಇತ್ತೀಚಿನ ವರ್ಷಗಳಲ್ಲಿ ಹಗುರವಾದ ಹೊಸ ರೂಪದಲ್ಲಿ ಮರಳಿ ಬಂದಿರುವುದು ಈ ದೃಷ್ಟಿಯಿಂದ ಒಳ್ಳೆಯ ಸುದ್ದಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇನ್ನೂ ಹೊಸ ಹಲಗೆ ಕಾಣಿಸಿಕೊಂಡಿತು. ಅದರ ಅಡಿಯಲ್ಲಿ ನೀರಿನೊಳಗೆ ರೆಕ್ಕೆಯೊಂದಿದೆ. ವೇಗ ಹಿಡಿದಾಗ ಆ ರೆಕ್ಕೆ ಹಲಗೆಯನ್ನೇ ನೀರಿನಿಂದ ಮೇಲಕ್ಕೆತ್ತುತ್ತದೆ. ಹಾಗಾಗಿ ಮೊದಲಿಗಿಂತ ಕಡಿಮೆ ಗಾಳಿ ಸಾಕು. ಕಡಿಮೆ ಸಾಕು, ನಿಜ, ಇಲ್ಲದಿದ್ದರೆ ನಡೆಯದು. ಮಾರ್ಸೆಯ ಕಡಲಿನಲ್ಲಿ ಆಗಸ್ಟ್ 2ರಂದು ಗಾಳಿ ಬಾರದೆ ಪದಕದ ಓಟಗಳು ಮರುದಿನಕ್ಕೆ ಹೋದವು. ಜಗತ್ತಿನ ಅತ್ಯುತ್ತಮ ಆಟಗಾರರೂ ಅಂದು ಕಾಯಬೇಕಾಯಿತು.

ಗಾಳಿ ಬಂದಾಗ ತೂರುವುದು ಎಲ್ಲರಿಗೂ ಬರುತ್ತದೆ. ಆದರೆ ಆ ಹೊತ್ತಿಗೆ ರಾಶಿ ಒಟ್ಟಾಗಿರಬೇಕು, ಮೊರ ಕೈಯಲ್ಲಿರಬೇಕು. ಆ ಕೆಲಸ ಆಗುವುದು ಎಲೆ ಅಲುಗದ ದಿನಗಳಲ್ಲೇ.