ಬಡಿಸುವವನಿಗೆ ಬಾಗುವ ಬೆನ್ನಿರಲಿ

ಜಾತ್ರೆಗೆ ಹೋದ ನಾವೆಲ್ಲ ತೇರಿಗೆ ಉತ್ತತ್ತಿ ಎಸೆದು, ಗದ್ದುಗೆಗೆ ನಮಸ್ಕರಿಸಿ, ಪ್ರಸಾದ ಸ್ವೀಕರಿಸಿ ಮನೆಗೆ ಮರಳುತ್ತೇವೆ. ಪಂಕ್ತಿಯಲ್ಲಿ ಕುಳಿತಾಗ ನಮ್ಮ ಕಣ್ಣು ಪತ್ರಾವಳಿಯ ಮೇಲೆ. ಬಕೀಟು ಹಿಡಿದು, ನೂರಾರು ಸಲ ಬಗ್ಗಿ ಏಳುತ್ತ ಮುಂದೆ ಸಾಗುವವನ ಮುಖ ನೋಡುವವರು ಕಡಿಮೆ. ಅವನು ಸಂಬಳಕ್ಕೆ ಬಂದವನಲ್ಲ. ಹೊಲದ ಕೆಲಸ ಮುಗಿಸಿ ಬಂದ ರೈತ, ಅಂಗಡಿಗೆ ಬೀಗ ಹಾಕಿ ಬಂದ ವ್ಯಾಪಾರಿ, ಪರೀಕ್ಷೆ ಮುಗಿಸಿದ ಕಾಲೇಜು ಹುಡುಗ. ಅವನು ಮಾಡುತ್ತಿರುವುದಕ್ಕೆ ಶರಣರು ಕೊಟ್ಟ ಹೆಸರು ದಾಸೋಹ.

ದಾನಕ್ಕೂ ದಾಸೋಹಕ್ಕೂ ಅಂತರವಿದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ‘ನಾನು ಕೊಟ್ಟೆ’ ಎಂಬ ಭಾವ ಎಲ್ಲೋ ಒಂದು ಮೂಲೆಯಲ್ಲಿ ಉಳಿದೇ ಉಳಿಯುತ್ತದೆ. ದಾಸೋಹವೆಂದರೆ ‘ನಾನು ದಾಸ’ ಎಂಬ ಭಾವ. ಉಣ್ಣಲು ಕುಳಿತವನೇ ಒಡೆಯ, ಬಡಿಸುವವನು ಸೇವಕ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಅಧಿಕಾರದಲ್ಲಿದ್ದವರು. ಅಂಥವರ ಮಹಾಮನೆ ಪ್ರಸಿದ್ಧವಾದದ್ದು ಅಧಿಕಾರದಿಂದಲ್ಲ, ದಾಸೋಹದಿಂದ.

ಆದರೆ ದಾಸೋಹಕ್ಕೆ ಬರುವ ಅಕ್ಕಿ ಎಲ್ಲಿಯದು ಎಂಬ ಪ್ರಶ್ನೆಯನ್ನೂ ಶರಣರು ಬಿಡಲಿಲ್ಲ. ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದ್ದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದರು. ಅತ್ಯಂತ ಬಡವರಾದ ಈ ದಂಪತಿ ನಮಗೆ ಎರಡು ಪಾಠ ಹೇಳಿದ್ದಾರೆ. ದಾಸೋಹಕ್ಕೆ ಸಿರಿವಂತಿಕೆ ಬೇಕಿಲ್ಲ, ಕಾಯಕ ಬೇಕು. ಸೇವೆಯ ಹೆಸರಿನಲ್ಲಿಯೂ ಆಸೆ ನುಸುಳಬಹುದು, ಎಚ್ಚರ ಬೇಕು.

ನಮ್ಮ ಗದಗ ಸೀಮೆಯಲ್ಲಿ ಈ ಮಾತಿಗೆ ಸಾಕ್ಷಿಗಳು ಹೆಜ್ಜೆ ಹೆಜ್ಜೆಗೂ ಇವೆ. ಲಕ್ಷ್ಮೇಶ್ವರ ಎಂದರೆ ಹಿಂದಿನ ಪುಲಿಗೆರೆ. ಅಲ್ಲಿಯ ಸೋಮೇಶ್ವರನನ್ನು ಸೌರಾಷ್ಟ್ರದಿಂದ ತಂದನೆನ್ನುವ ಆದಯ್ಯನ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ವಿರಸ ಹುಟ್ಟುವುದು ಊಟದ ವಿಷಯಕ್ಕೆ. ಶಿವಭಕ್ತರಿಗೆಂದು ಮಾಡಿಸಿದ ಅಡುಗೆಯನ್ನು ಮಾವನ ಮನೆಯವರು ತಮ್ಮ ಮುನಿಗಳಿಗೆ ಬಡಿಸಿದರೆಂಬುದೇ ಆದಯ್ಯನ ನೋವು. ಅನ್ನ ಯಾರಿಗೆ ಮೊದಲು ಎಂಬ ಪ್ರಶ್ನೆ ಮನೆಯನ್ನೂ ಒಡೆಯಬಲ್ಲದು, ಮತಗಳನ್ನೂ ಒಡೆಯಬಲ್ಲದು.

ಅಲ್ಲಿಂದ ಹತ್ತಿರದಲ್ಲೇ ಇರುವ ಶಿರಹಟ್ಟಿಗೆ ಬನ್ನಿ. ಫಕೀರೇಶ್ವರ ಮಠವು ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಭಾವೈಕ್ಯದ ಪೀಠ. ಮುಂಡರಗಿಯಲ್ಲಿ ಮಠದ ಹೆಸರೇ ಅನ್ನದಾನೀಶ್ವರ. ಅದೇ ತಾಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯು ರೊಟ್ಟಿ ಜಾತ್ರೆ ಎಂದೇ ಹೆಸರಾಗಿದೆ. ಊರಿನ ಮನೆಮನೆಯಲ್ಲಿ ತಾಯಂದಿರು ರೊಟ್ಟಿ ಬಡಿಯುತ್ತಾರೆ. ಆ ಖಡಕ್ ರೊಟ್ಟಿಗಳೆಲ್ಲ ಮಠಕ್ಕೆ ಬಂದು ಒಂದೇ ರಾಶಿಯಾಗುತ್ತವೆ. ಜೊತೆಗೆ ಕರಿಂಡಿ, ಪಲ್ಯ. ಯಾವ ರೊಟ್ಟಿ ಯಾರ ಮನೆಯದು, ಯಾವ ಜಾತಿಯ ಒಲೆಯದು ಎಂದು ರಾಶಿಯಲ್ಲಿ ಹುಡುಕಿ ತೆಗೆಯುವವರು ಯಾರು? 2018ರಲ್ಲಿ ಲಿಂಗೈಕ್ಯರಾದ ಗದುಗಿನ ತೋಂಟದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಇಂಥ ಸಹಪಂಕ್ತಿಯನ್ನು ಕೋಮು ಸೌಹಾರ್ದದ ಸಾಧನವೆಂದೇ ಬೆಳೆಸಿದರು.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ದಾಸೋಹದ್ದು ಇನ್ನೊಂದು ಬಗೆ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ಸ್ವತಃ ಅಂಧರು. ಅಂಧ ಮಕ್ಕಳಿಗೂ ಅನಾಥ ಮಕ್ಕಳಿಗೂ ಅನ್ನ ಹಾಕಿ ಸಂಗೀತ ಕಲಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆ ಒಲೆ ಆರದಂತೆ ನೋಡಿಕೊಂಡರು. ನಾಟಕ ಕಂಪನಿಯ ಗಳಿಕೆ, ಭಕ್ತರು ಮಾಡಿದ ತುಲಾಭಾರದ ನಾಣ್ಯ, ಎಲ್ಲವೂ ಮಕ್ಕಳ ಅನ್ನ-ವಿದ್ಯೆಗೆ ಸಂದಿತು. ಕಣ್ಣಿಲ್ಲದ ಮಗುವಿಗೆ ಬಡಿಸುವವನು ಸುಮ್ಮನೆ ಬಡಿಸಿ ಮುಂದೆ ಹೋಗುವಂತಿಲ್ಲ. ‘ಪಲ್ಯ ಬಲಕ್ಕಿದೆ, ಸಾರು ಬಿಸಿಯಿದೆ ತಮ್ಮಾ’ ಎಂದು ಬಾಯಿಂದ ಹೇಳಬೇಕು. ಅವನು ಕೈಯಿಟ್ಟು ನೋಡುವವರೆಗೆ ನಿಲ್ಲಬೇಕು. ಆ ಅರೆಗಳಿಗೆ ನಿಲ್ಲುವುದೇ ದಾಸೋಹ.

ಈ ಸತ್ಯ ನಮ್ಮ ಸಮಾಜಕ್ಕೆ ಮಾತ್ರ ಸೇರಿದ್ದಲ್ಲ. ಸಿಖ್ಖರ ಗುರುದ್ವಾರದ ಲಂಗರ್‌ನಲ್ಲಿ ಅರಸನೂ ಆಳೂ ಒಂದೇ ಸಾಲಿನಲ್ಲಿ ಕೂರಬೇಕು. ಬಾಸೆಲ್ ಮಿಶನ್ನಿನವರು 1841ರಲ್ಲಿಯೇ ಬಂದು ನೆಲೆಯೂರಿದ ಬೆಟಗೇರಿಯಲ್ಲಿ ಕ್ರೈಸ್ತ ಬಂಧುಗಳಿದ್ದಾರೆ. ಕಡೆಯ ಊಟದ ರಾತ್ರಿ ಯೇಸು ತನ್ನ ಶಿಷ್ಯರ ಕಾಲು ತೊಳೆದ ಕಥೆ ಅವರಿಗೆ ಪವಿತ್ರ. ಗುರುವೇ ಬಾಗಿ ಸೇವೆಗೆ ನಿಂತ ಕಥೆ ಅದು. ಮಠ, ಗುರುದ್ವಾರ, ಚರ್ಚು ಎಲ್ಲಿಯಾದರೂ ಸರಿ, ನೆಲದ ಪಂಕ್ತಿಗೆ ಬಡಿಸುವವನು ಬಾಗಲೇಬೇಕು. ಬೆನ್ನು ಸೆಟೆಸಿಕೊಂಡು ಬಡಿಸಿದರೆ ಅನ್ನ ಎಲೆಗೆ ಬೀಳುವುದಿಲ್ಲ, ನೆಲಕ್ಕೆ ಬೀಳುತ್ತದೆ.

ಇಂದು ಅನ್ನದ ಕೊರತೆಗಿಂತ ಬಾಗುವ ಬೆನ್ನಿನ ಕೊರತೆ ದೊಡ್ಡದಾಗಿದೆ. ಐವತ್ತು ಚೀಲ ಅಕ್ಕಿ ಕಳುಹಿಸಿ ಹೆಸರಿನ ಫಲಕ ಹಾಕಿಸುವವರು ಸಿಗುತ್ತಾರೆ. ಕೊಪ್ಪರಿಗೆ ತೊಳೆಯಲು, ಎಂಜಲೆಲೆ ಎತ್ತಲು ಜನ ಸಿಗುವುದಿಲ್ಲ. ಸೌಟು ಹಿಡಿದು ಫೋಟೋ ತೆಗೆಸಿಕೊಂಡು, ಎರಡನೆಯ ಪಂಕ್ತಿ ಏಳುವ ಮೊದಲೇ ಹೊರಡುವವರೂ ಇದ್ದಾರೆ. ಪರಿಚಯದವರ ಎಲೆಗೆ ಎರಡು ಸೌಟು ಹುಗ್ಗಿ, ತುದಿಯಲ್ಲಿ ಕುಳಿತ ಕೂಲಿಯವಳಿಗೆ ಅರ್ಧ ಸೌಟು ಎಂದರೆ ಅದು ದಾಸೋಹವೇ? ಕೇಳದೆ ರಾಶಿ ಸುರಿದು ಅರ್ಧ ಎಲೆಯಲ್ಲೇ ಉಳಿಸುವುದೂ ತಪ್ಪು. ಲಕ್ಕಮ್ಮನವರು ನೋಡಿದ್ದರೆ ಏನೆಂದಾರು!

ಆದ್ದರಿಂದ ಶರಣ ಬಂಧುಗಳೇ, ಈ ಸಲದ ಜಾತ್ರೆಗೆ ಬರುವಾಗ ಕಾಯಿ-ಕರ್ಪೂರದ ಜೊತೆಗೆ ಎರಡು ತಾಸು ಸಮಯವನ್ನೂ ತನ್ನಿ. ಮಕ್ಕಳನ್ನು ಕರೆತನ್ನಿ. ಅವರ ಕೈಗೆ ಮೊದಲು ನೀರಿನ ತಂಬಿಗೆ ಕೊಡಿ, ಆಮೇಲೆ ಉಪ್ಪು, ಆಮೇಲೆ ರೊಟ್ಟಿ. ಪಂಕ್ತಿಯ ಕೊನೆಯಲ್ಲಿ ಕುಳಿತವರಿಂದ ಬಡಿಸಲು ಆರಂಭಿಸಲಿ. ಹಲ್ಲಿಲ್ಲದ ಅಜ್ಜನಿಗೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಕೊಡಲಿ. ‘ಸಾಕು’ ಎಂದವರಿಗೆ ಒತ್ತಾಯ ಬೇಡ, ‘ಬೇಕು’ ಎನ್ನಲು ನಾಚುವವರನ್ನು ಮರೆಯುವುದೂ ಬೇಡ. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ಅದೇ ನೆಲದ ಮೇಲೆ ಕುಳಿತು ತಾವೂ ಉಣ್ಣಲಿ. ಅಂದು ಅವರಿಗೆ ಸಿಗುವ ರುಚಿ ಯಾವ ಮದುವೆಯ ಊಟದಲ್ಲೂ ಸಿಗುವುದಿಲ್ಲ.