ಕತ್ತಲಾದ ಮೇಲೆ ಕೋಳಿಗೂಡು

ಹಿತ್ತಲಲ್ಲಿ ಸಾಕಿದ ಕೋಳಿ ಹಗಲಿನಲ್ಲಿ ತನ್ನನ್ನು ತಾನು ಸಾಕಷ್ಟು ಚೆನ್ನಾಗಿಯೇ ಕಾಪಾಡಿಕೊಳ್ಳಬಲ್ಲ ಪ್ರಾಣಿ. ಗಿಡುಗದ ನೆರಳು ಅಂಗಳದಲ್ಲಿ ಸರಿದೊಡನೆ ಹುಂಜ ಎಚ್ಚರಿಕೆಯ ಕೂಗು ಹಾಕುತ್ತದೆ, ಹೇಂಟೆ ಮರಿಗಳನ್ನು ರೆಕ್ಕೆಯಡಿಗೆ ಸೆಳೆದುಕೊಳ್ಳುತ್ತದೆ, ನಾಯಿ ಬೆನ್ನಟ್ಟಿದರೆ ಗುಂಪಿಗೆ ಗುಂಪೇ ಹಾರಿ ಗೋಡೆ ಏರುತ್ತದೆ. ಆದರೆ ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಅದೇ ಕೋಳಿ, ಕೂತಲ್ಲಿಂದ ಕೈಯಲ್ಲಿ ಎತ್ತಿಕೊಂಡರೂ ಹೆಚ್ಚೆಂದರೆ ಒಮ್ಮೆ ಗೊಣಗಿ ಸುಮ್ಮನಾಗುವಷ್ಟು ನಿಸ್ಸಹಾಯಕವಾಗುತ್ತದೆ. ಹಿತ್ತಲ ಕೋಳಿ ಸಾಕಣೆಯಲ್ಲಿ ಒಂದೇ ರಾತ್ರಿಯಲ್ಲಿ ಗೂಡು ಬರಿದಾಗುವ ಅನಾಹುತಗಳ ಮೂಲ ಈ ಬದಲಾವಣೆಯಲ್ಲಿದೆ. ಅದನ್ನು ಅರಿತವರಿಗೆ ಗೂಡು ಹೇಗಿರಬೇಕು, ಬಾಗಿಲು ಯಾವಾಗ ಮುಚ್ಚಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಕಣ್ಣಿನ ಒಳಗೋಡೆಯಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ ಅಕ್ಷಿಪಟಲವೆಂದು ಹೆಸರು. ಅದರಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳೂ ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳೂ ಇರುತ್ತವೆ. ಮನುಷ್ಯನ ಬಣ್ಣದ ನೋಟ ಮೂರು ಬಗೆಯ ಶಂಕುಕೋಶಗಳನ್ನು ನೆಚ್ಚಿಕೊಂಡಿದ್ದರೆ ಕೋಳಿಯದು ನಾಲ್ಕು ಬಗೆಯವನ್ನು ನೆಚ್ಚಿಕೊಂಡಿದೆ. ಹುಲ್ಲಿನ ನಡುವಿನ ಹುಳುವನ್ನು, ಮಣ್ಣಿನಲ್ಲಿ ಬೆರೆತ ರಾಗಿ ಕಾಳನ್ನು ಅದು ತಟ್ಟನೆ ಗುರುತಿಸುವುದು ಈ ಬಲದಿಂದ. ಈ ವೈಭವಕ್ಕೆ ತೆರಬೇಕಾದ ಬೆಲೆಯೆಂದರೆ ದಂಡಕೋಶಗಳ ಕೊರತೆ, ಅಂದರೆ ಇರುಳುಗುರುಡು. ಇತ್ತ ಬೆಕ್ಕು, ನರಿ, ಪುನುಗಿನಂಥ ಪ್ರಾಣಿಗಳಲ್ಲಿ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಇನ್ನೊಂದು ಪದರವಿದ್ದು, ಒಮ್ಮೆ ಹಾದುಹೋದ ಬೆಳಕನ್ನು ಮತ್ತೆ ಕೋಶಗಳ ಮೇಲೆ ಬೀಳಿಸುತ್ತದೆ. ಟಾರ್ಚು ಬಿಟ್ಟಾಗ ಅವುಗಳ ಕಣ್ಣು ಕೆಂಡದಂತೆ ಹೊಳೆಯುವುದಕ್ಕೆ ಇದೇ ಕಾರಣ. ಹೆಬ್ಬಾವಿಗಂತೂ ಬೆಳಕೇ ಬೇಕಿಲ್ಲ. ಅದರ ತುಟಿಯ ಅಂಚಿನ ಕುಳಿಗಳು ಮೈಬಿಸಿಯ ಪ್ರಾಣಿಯೊಂದು ಎಲ್ಲಿದೆಯೆಂಬುದನ್ನು ಶಾಖದಿಂದಲೇ ತಿಳಿಯುತ್ತವೆ.

ಸಾಕುಕೋಳಿಯ ಪೂರ್ವಜವಾದ ಕೆಂಪು ಕಾಡುಕೋಳಿ ಈ ದೌರ್ಬಲ್ಯಕ್ಕೆ ತನ್ನದೇ ಪರಿಹಾರ ಕಂಡುಕೊಂಡಿತ್ತು: ಸಂಜೆಯಾಗುತ್ತಲೇ ಮರವೇರಿ, ಟೊಂಗೆಯ ಮೇಲೆ ರಾತ್ರಿ ಕಳೆಯುವುದು. ಪಶ್ಚಿಮಘಟ್ಟದ ಬೂದು ಕಾಡುಕೋಳಿಯೂ ಹೀಗೆಯೇ ಮಾಡುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬ ನೆಲೆಯಲ್ಲಿ ದೊರೆತ ಎಲುಬುಗಳ ಆಧಾರದಿಂದ, ಕೋಳಿ ಮನುಷ್ಯನ ಸಹವಾಸಕ್ಕೆ ಬಂದದ್ದು ಸುಮಾರು 3500 ವರ್ಷಗಳ ಹಿಂದೆ, ಅದೂ ಭತ್ತದ ಬೇಸಾಯದ ಜೊತೆಜೊತೆಗೆ ಎಂದು ಹೇಳುತ್ತದೆ. ಇಷ್ಟು ಕಾಲ ಕಳೆದರೂ ಎತ್ತರಕ್ಕೇರಿ ಕೂರುವ ಆಸೆ ಅದರ ರಕ್ತದಿಂದ ಹೋಗಿಲ್ಲ. ಹೋಗಿರುವುದು ಹಾರುವ ಶಕ್ತಿ. ನಾಟಿ ಕೋಳಿ ಇಂದಿಗೂ ಹಲಸಿನ ಮರದ ಕೊಂಬೆ ಹಿಡಿಯಬಲ್ಲುದಾದರೂ, ಮಾಂಸಕ್ಕಾಗಿ ಮೈತುಂಬಿಸಿದ ತಳಿಗಳಿಗೆ ಅದು ಸಾಧ್ಯವಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿ ಭಾರವಾದದ್ದು. ಅಲ್ಲಿಂದಲೇ 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರ ತಳಿ ಹಗುರ ಮೈಯದಾದುದರಿಂದ ಬೆಕ್ಕು ನರಿಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ಮೇಲು ಎಂಬುದನ್ನು ಅದರ ಗುಣಗಳಲ್ಲೊಂದಾಗಿ ಹೇಳಲಾಗುತ್ತದೆ. ಆದರೆ ಈ ಚುರುಕು ಹಗಲಿನದು. ಮುಚ್ಚಿದ ಗೂಡಿನ ಕತ್ತಲಲ್ಲಿ ಎಲ್ಲ ತಳಿಗಳ ಸ್ಥಿತಿಯೂ ಒಂದೇ.

ಈ ವಿಷಯ ಸಣ್ಣದೆಂದು ತೋರಬಹುದು, ಸಣ್ಣದಲ್ಲ. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿಗೂ ಮಿಕ್ಕ ಕೋಳಿ-ಬಾತುಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು, ಮತ್ತು ಅವುಗಳ ಸಂಖ್ಯೆ ಹಿಂದಿನ ಗಣತಿಗಿಂತ ಶೇಕಡ 45ಕ್ಕೂ ಹೆಚ್ಚು ಏರಿತ್ತು. ಹಳ್ಳಿಯ ಮನೆಗಳಲ್ಲಿ ಹಸುವಿನ ಹಾಲಿನ ಲೆಕ್ಕ ಗಂಡಸಿನ ಕೈಯಲ್ಲಿದ್ದರೂ ಕೋಳಿಯ ಕಾಸು ಸಾಮಾನ್ಯವಾಗಿ ಹೆಂಗಸಿನದು; ಮಗುವಿನ ಪುಸ್ತಕಕ್ಕೆ, ಹಬ್ಬದ ಸೀರೆಗೆ, ಆಸ್ಪತ್ರೆಯ ಬಸ್ ಚಾರ್ಜಿಗೆ ಆಗುವ ಹಣ ಅದು. ಎಂಟು ಕೋಳಿ ಸತ್ತ ಬೆಳಗಿನ ನಷ್ಟವನ್ನು ಈ ಅಳತೆಯಿಂದ ನೋಡಬೇಕು.

ಕರ್ನಾಟಕದ ಇರುಳಿನ ಬೇಟೆಗಾರರು ಸೀಮೆಯಿಂದ ಸೀಮೆಗೆ ಬದಲಾಗುತ್ತಾರೆ. ಕುರುಚಲು ಕಾಡು, ಕಬ್ಬಿನ ಗದ್ದೆ, ಕೆರೆಯಂಚುಗಳಲ್ಲಿ ಉದ್ದ ಕಾಲಿನ ಕಾಡುಬೆಕ್ಕು ಓಡಾಡುತ್ತದೆ. ಪುನುಗಿನ ಬೆಕ್ಕೆಂದು ಕರೆಸಿಕೊಳ್ಳುವ, ತಿರುಮಲದ ವೆಂಕಟೇಶ್ವರನ ಮೂರ್ತಿಗೆ ಲೇಪಿಸುವ ಪುನುಗು ತೈಲಕ್ಕೆ ಮೂಲವಾದ ಪ್ರಾಣಿ, ಹೆಸರಿನಲ್ಲಿ ಬೆಕ್ಕಿದ್ದರೂ ಬೆಕ್ಕಿನ ಕುಲದ್ದಲ್ಲ. ನೆಲದ ಮೇಲೆಯೇ ಹೆಚ್ಚು ತಿರುಗುತ್ತ ಇಲಿ, ಹುಳು, ಹಣ್ಣು, ಸಿಕ್ಕರೆ ಕೋಳಿ ತಿನ್ನುತ್ತದೆ. ಅದರ ಬಂಧುವಾದ ಮರಬೆಕ್ಕು ಕಾಫಿ ತೋಟಗಳಲ್ಲೂ ಮನೆಯ ಅಟ್ಟಗಳಲ್ಲೂ ನೆಲೆಸುವಂಥದ್ದು. ಮುಖ್ಯವಾಗಿ ಹಣ್ಣು ತಿನ್ನುವ ಪ್ರಾಣಿಯಾದರೂ ಹೆಂಚಿನ ಸಂದಿಯಿಂದ ಗೂಡಿಗೆ ಇಳಿಯುವ ಜಾಣ್ಮೆ ಅದಕ್ಕುಂಟು. ಬಯಲುಸೀಮೆಯಲ್ಲಿ ನರಿ, ಕಾಡಂಚಿನಲ್ಲಿ ಚಿರತೆ, ಕರಾವಳಿ ಮತ್ತು ಮಲೆನಾಡಿನಲ್ಲಿ ಹೆಬ್ಬಾವು, ಎಲ್ಲೆಡೆಯೂ ಹೆಗ್ಗಣ. ಮುಂಗುಸಿ ಹಗಲಿನ ಬೇಟೆಗಾರನಾದುದರಿಂದ ಅದರ ಹೆಸರನ್ನು ರಾತ್ರಿಯ ಲೆಕ್ಕಕ್ಕೆ ಸೇರಿಸುವುದು ತಪ್ಪು. ಇಷ್ಟೆಲ್ಲ ಹೇಳಿದ ಮೇಲೂ ಮರೆಯಬಾರದ ಪ್ರಾಣಿಯೊಂದಿದೆ: ಊರಿನ ಬೀದಿನಾಯಿ. ಕಾಡುಪ್ರಾಣಿಯ ತಲೆಗೆ ಕಟ್ಟುವ ಎಷ್ಟೋ ಅಪರಾಧಗಳು ಅದರವು.

ತಿನ್ನುವುದು ಒಂದನ್ನೇ ಆದರೂ ಹತ್ತನ್ನು ಕೊಂದುಹೋಗುವ ಪ್ರಾಣಿಯ ಬಗ್ಗೆ ಜನರಿಗೆ ವಿಶೇಷ ಸಿಟ್ಟು, ಅದು ಸಹಜವೂ ಹೌದು. ಈ ವರ್ತನೆಗೆ ಪ್ರಾಣಿಶಾಸ್ತ್ರದಲ್ಲಿ ಅಗತ್ಯ ಮೀರಿದ ಬೇಟೆ ಎಂಬ ಅರ್ಥದ ಹೆಸರಿದೆ. ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ 1972ರ ಪ್ರಬಂಧವೊಂದರಲ್ಲಿ ಇದನ್ನು ವಿವರಿಸಿದರು. ಇಂಗ್ಲೆಂಡಿನ ರೇವನ್‌ಗ್ಲಾಸ್ ಕಡಲತೀರದಲ್ಲಿ ಗೂಡು ಕಟ್ಟುತ್ತಿದ್ದ ಕಪ್ಪುತಲೆಯ ಗಲ್ ಎಂಬ ಕಡಲಹಕ್ಕಿಗಳನ್ನು ಕೆಂಪು ನರಿಗಳು ರಾಶಿರಾಶಿಯಾಗಿ ಕೊಂದುಹಾಕುತ್ತಿದ್ದುದು ತೀರ ಕಗ್ಗತ್ತಲಿನ ರಾತ್ರಿಗಳಲ್ಲಿ, ಏಕೆಂದರೆ ಅಂಥ ಕತ್ತಲಲ್ಲಿ ಆ ಹಕ್ಕಿಗಳು ಹಾರಿ ತಪ್ಪಿಸಿಕೊಳ್ಳುತ್ತಿರಲಿಲ್ಲ. ಕಾಡಿನಲ್ಲಿ ಒಂದು ಹಕ್ಕಿ ಸಿಕ್ಕಿತೆಂದರೆ ಉಳಿದವು ಹಾರಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಬೇಟೆ ಓಡಲಾರದೆ ಕಣ್ಣೆದುರೇ ರೆಕ್ಕೆ ಬಡಿಯುತ್ತಿದ್ದರೆ ಹಿಡಿದು ಕೊಲ್ಲುವ ಪ್ರೇರಣೆ, ಹಸಿವು ತೀರಿದ ಮೇಲೂ, ಮತ್ತೆ ಮತ್ತೆ ಕೆರಳುತ್ತದೆ. ಕೋಳಿಗೂಡು ಇಂಥದೇ ಸನ್ನಿವೇಶ. ಕೋಳಿಗಳನ್ನು ಒಂದೆಡೆ ಕೂಡಿಹಾಕಿದವನು ಮನುಷ್ಯನೇ ಆಗಿರುವಾಗ ಆ ಗೂಡಿನ ಭದ್ರತೆಯ ಹೊಣೆಯೂ ಪೂರ್ತಿಯಾಗಿ ಅವನದೇ; ಅರ್ಧಂಬರ್ಧ ಭದ್ರವಾದ ಗೂಡು ಗೂಡಿಲ್ಲದಿರುವುದಕ್ಕಿಂತ ಅಪಾಯಕಾರಿಯೆಂದರೆ ಅತಿಶಯೋಕ್ತಿಯಾಗದು.

ಹಳೆಯ ಪದ್ಧತಿಯಲ್ಲಿ ಮುಸ್ಸಂಜೆ ಕೋಳಿ ಕವುಚುವುದು ಮನೆಯ ನಿತ್ಯದ ಕೆಲಸವಾಗಿತ್ತು. ಬಿದಿರಿನ ಮಂಕರಿಯನ್ನು ಹೇಂಟೆ ಮರಿಗಳ ಮೇಲೆ ಬೋರಲು ಹಾಕಿ ಮೇಲೊಂದು ಕಲ್ಲು ಹೇರುತ್ತಿದ್ದರು. ಮಲೆನಾಡಿನ ಮನೆಗಳಲ್ಲಿ ಒಡ್ಡಿಯೆಂಬ ಪ್ರತ್ಯೇಕ ಗೂಡಿರುತ್ತಿತ್ತು. ಮಂಕರಿ ಒಳಮನೆಯಲ್ಲೋ ಜಗುಲಿಯಲ್ಲೋ ಇರುವವರೆಗೆ ಒಳ್ಳೆಯ ರಕ್ಷಣೆಯೇ, ಏಕೆಂದರೆ ಅಲ್ಲಿ ಗಟ್ಟಿ ನೆಲವಿದೆ, ಜನರಿದ್ದಾರೆ. ಅದನ್ನೇ ಹಿತ್ತಲಿನ ಮಣ್ಣಿನ ಮೇಲೆ ಇಟ್ಟರೆ ನಾಯಿ ಉರುಳಿಸುತ್ತದೆ, ಹೆಗ್ಗಣ ಕೆಳಗಿನಿಂದ ಬಿಲ ಕೊರೆಯುತ್ತದೆ.

ಇಂದಿನ ಗೂಡುಗಳಲ್ಲಿ ಕಾಣುವ ದೊಡ್ಡ ತಪ್ಪು ಜಾಲರಿಯದು. ಅಂಗಡಿಯಲ್ಲಿ ಕೋಳಿ ಜಾಲರಿಯೆಂದೇ ಮಾರುವ, ತೆಳು ತಂತಿಯನ್ನು ಆರು ಮೂಲೆಯ ಕಣ್ಣುಗಳಾಗಿ ಹೆಣೆದ ಬಲೆ ಕೋಳಿ ಹೊರಹೋಗದಂತೆ ತಡೆಯಲು ಮಾಡಿದ್ದೇ ಹೊರತು ನಾಯಿ ಒಳಬರದಂತೆ ತಡೆಯಲು ಅಲ್ಲ. ಗಟ್ಟಿ ಹಲ್ಲಿನ ನಾಯಿ ಅದನ್ನು ಹರಿಯುತ್ತದೆ. ಮರಿಹಾವು, ಇಲಿ ಅದರ ಕಣ್ಣಿನಲ್ಲೇ ನುಸುಳುತ್ತವೆ. ಬೆಕ್ಕು ಪಂಜ ತೂರಿಸಿ ಹತ್ತಿರ ಕೂತ ಕೋಳಿಯ ಕತ್ತು ಹಿಡಿಯುತ್ತದೆ. ಇದರ ಬದಲಿಗೆ ತಂತಿಗಳು ಅಡ್ಡಹಾಯುವ ಪ್ರತಿ ಕಡೆಯೂ ಬೆಸೆದಿರುವ ವೆಲ್ಡ್ ಮೆಶ್, ಅದರಲ್ಲೂ ಅರ್ಧ ಇಂಚಿನ ಕಣ್ಣಿನದು, ಬೆಲೆ ಹೆಚ್ಚಾದರೂ ಸರಿಯಾದ ಆಯ್ಕೆ. ಇಡೀ ಗೂಡಿಗೆ ಹಾಕಿಸಲು ಹಣ ಸಾಲದಿದ್ದರೆ ಕೆಳಗಿನ ಮೂರಡಿಗೆ ಇಟ್ಟಿಗೆಯನ್ನೋ ಹಲಗೆಯನ್ನೋ ಬಳಸಿ, ಗಾಳಿ ಬರುವ ಮೇಲ್ಭಾಗಕ್ಕೆ ಮಾತ್ರ ಮೆಶ್ ಹಾಕಬಹುದು. ಕೋಳಿ ಕೂರುವ ಅಡ್ಡಕೋಲು ಜಾಲರಿಗೆ ತಾಗಿಕೊಂಡಿರದೆ ಒಂದು ಅಡಿಯಾದರೂ ಒಳಗಿರಬೇಕೆಂಬುದು ಖರ್ಚಿಲ್ಲದ, ಆದರೆ ಹೆಚ್ಚಿನವರು ಗಮನಿಸದ ಎಚ್ಚರಿಕೆ.

ನೆಲದಿಂದ ಬರುವ ಅಪಾಯಕ್ಕೆ ಎರಡು ಉಪಾಯಗಳಿವೆ. ನಾಯಿ, ನರಿ ಮುಂತಾದ ಅಗೆಯುವ ಪ್ರಾಣಿಗಳು ಗೋಡೆಯ ಬುಡಕ್ಕೇ ಬಂದು ಅಲ್ಲಿಂದ ಕೆರೆಯತೊಡಗುತ್ತವೆ; ಎರಡು ಹೆಜ್ಜೆ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವ ಯೋಚನೆ ಅವುಗಳಿಗೆ ಹೊಳೆಯುವುದು ಅಪರೂಪ. ಆದ್ದರಿಂದ ಬುಡದಿಂದ ಹೊರಕ್ಕೆ ಒಂದೂವರೆ ಎರಡು ಅಡಿ ಅಗಲಕ್ಕೆ ಜಾಲರಿಯನ್ನು ನೆಲದ ಮೇಲೆ ಹಾಸಿ ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು, ಉಗುರಿಗೆ ತಂತಿ ತಗುಲಿ ಅವು ಕೈಬಿಡುತ್ತವೆ. ಜಾಲರಿಯ ಬದಲು ಕಲಬುರಗಿ ಕಡೆಯ ಶಹಾಬಾದ್ ಚಪ್ಪಡಿಯ ತುಂಡುಗಳನ್ನೋ ಕರಾವಳಿಯ ಕೆಂಪುಕಲ್ಲನ್ನೋ ಸಾಲಾಗಿ ಹೂತರೂ ಆಗುತ್ತದೆ. ಇನ್ನೊಂದು ಉಪಾಯ, ಗೂಡನ್ನು ಎರಡು ಮೂರು ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ ಪ್ರತಿ ಕಾಲಿಗೂ ನುಣುಪಾದ ತಗಡಿನ ಪಟ್ಟಿ ಸುತ್ತುವುದು. ಇಲಿ ಹೆಗ್ಗಣಗಳ ಕಾಲು ತಗಡಿನ ಮೇಲೆ ಜಾರುತ್ತದೆ. ಎತ್ತರದ ಗೂಡಿಗೆ ಬರೀ ಜಾಲರಿಯ ತಳ ಹಾಕಿದರೆ ಕೆಳಗಿನಿಂದ ಕಾಲ್ಬೆರಳು ಕಚ್ಚುವ ಪ್ರಾಣಿಗಳಿಗೆ ಅನುಕೂಲವಾಗುವುದರಿಂದ ತಳಕ್ಕೆ ಹಲಗೆಯೇ ಬೇಕು.

ಹೆದರಿಕೆಯಿಂದ ಗೂಡನ್ನು ಪೆಟ್ಟಿಗೆಯಂತೆ ಮುಚ್ಚಿಬಿಡುವುದು ಇನ್ನೊಂದು ಅತಿ. ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ಕೋಳಿಯ ಕಣ್ಣು, ಶ್ವಾಸಕೋಶಗಳನ್ನು ಕೆಡಿಸುತ್ತದೆ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಹಕ್ಕಿಗಳು ಬಾಯಿ ಬಿಡುತ್ತವೆ. ಕೂತ ಕೋಳಿಯ ತಲೆಗಿಂತ ಮೇಲೆ, ಮೆಶ್ ಹೊದಿಸಿದ ಗಾಳಿಕಿಂಡಿ ಇರಲೇಬೇಕು.

ಎಷ್ಟು ಒಳ್ಳೆಯ ಗೂಡಾದರೂ ಬಾಗಿಲು ತೆರೆದಿದ್ದರೆ ವ್ಯರ್ಥ, ಮತ್ತು ಹೆಚ್ಚಿನ ಸಾವುಗಳು ಸಂಭವಿಸುವುದು ಬಾಗಿಲು ಮರೆತ ರಾತ್ರಿಗಳಲ್ಲಿ. ಬೆಂಗಳೂರಿನ ಆಸುಪಾಸಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು ಸಂಜೆ 5.50ರ ಹೊತ್ತಿಗೆ, ಜುಲೈ ಮೊದಲಿಗೆ 6.50ರ ಹೊತ್ತಿಗೆ; ಹೀಗಾಗಿ ವರ್ಷವಿಡೀ ಏಳು ಗಂಟೆಗೆ ಬಾಗಿಲು ಹಾಕುವ ಮನೆಯ ಕೋಳಿಗಳು ಚಳಿಗಾಲದಲ್ಲಿ ಪ್ರತಿ ದಿನ ಸುಮಾರು ಒಂದು ಗಂಟೆ ಬೇಟೆಗಾರರಿಗೆ ಒಡ್ಡಿಕೊಂಡಿರುತ್ತವೆ. ಗಡಿಯಾರ ನೋಡದೆ ಬೆಳಕು ನೋಡಿ ಮುಚ್ಚಬೇಕು, ಮುಚ್ಚುವಾಗ ತಲೆ ಎಣಿಸಬೇಕು. ಹೊಸದಾಗಿ ತಂದ ಕೋಳಿಗಳನ್ನು ಮೊದಲ ಕೆಲವು ದಿನ ಗೂಡಿನಲ್ಲೇ ಇರಿಸಿ, ಆಮೇಲೆ ಸಂಜೆ ಗೂಡಿನೊಳಗೇ ಒಂದು ಹಿಡಿ ಕಾಳು ಚೆಲ್ಲುವ ರೂಢಿ ಮಾಡಿದರೆ ಅವು ಮರವೇರದೆ ತಾವಾಗಿಯೇ ಒಳಸೇರುತ್ತವೆ. ಆ ಕಾಳು ಮಿಗದಂತಿರಬೇಕು. ಮಿಕ್ಕ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ನಾಗರವೂ ಕೊಳಕುಮಂಡಲವೂ ಬರುತ್ತವೆ, ಮತ್ತು ಬೆಳಗ್ಗೆ ಮೊಟ್ಟೆಗೆ ಕೈ ಹಾಕುವವರ ಜೀವಕ್ಕೇ ಅಪಾಯ ಒದಗುತ್ತದೆ.

ಮಿನುಗುವ ದೀಪ, ಕಟ್ಟಿಹಾಕಿದ ನಾಯಿ, ಕಿರುಚುವ ಗಿನಿ ಕೋಳಿಗಳಿಂದ ಸ್ವಲ್ಪ ಉಪಯೋಗವಿದೆ. ಆದರೆ ಬೇಟೆಗಾರ ಪ್ರಾಣಿಗಳು ಅಪಾಯ ತರದ ಬೆಳಕಿಗೆ ಬೇಗ ಒಗ್ಗಿಕೊಳ್ಳುತ್ತವೆ, ಚಿರತೆ ಓಡಾಡುವ ಊರಿನಲ್ಲಿ ಕಟ್ಟಿದ ನಾಯಿಯೇ ಅದಕ್ಕೆ ಆಹ್ವಾನವಾಗುತ್ತದೆ. ಉರುಳು, ವಿಷ, ವಿದ್ಯುತ್ ಹರಿಸಿದ ತಂತಿಗಳ ಮಾತು ಬೇರೆಯೇ. ಮೇಲೆ ಹೇಳಿದ ಕಾಡುಪ್ರಾಣಿಗಳಲ್ಲಿ ಬಹುತೇಕ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಚಿರತೆ ಮತ್ತು ಹೆಬ್ಬಾವು ಅದರ ಮೊದಲ ಅನುಸೂಚಿಯಲ್ಲಿವೆ. ಹಂದಿಗೆಂದೋ ನರಿಗೆಂದೋ ಬೇಲಿಯಲ್ಲಿ ಒಡ್ಡಿದ ಉರುಳಿಗೆ ಸೊಂಟ ಸಿಕ್ಕಿಕೊಂಡ ಚಿರತೆ ಗಂಟೆಗಟ್ಟಲೆ ನರಳಿ ಸಾಯುವುದು ಈ ರಾಜ್ಯದಲ್ಲಿ ಅಪರೂಪದ ಸುದ್ದಿಯೇನಲ್ಲ, ಮತ್ತು ಅದಕ್ಕಿಂತ ಕ್ರೂರವಾದ ಸಾವನ್ನು ಊಹಿಸುವುದು ಕಷ್ಟ. ವರ್ಷವಿಡೀ ಗದ್ದೆಯ ಇಲಿ ಹಿಡಿಯುವ ಕಾಡುಬೆಕ್ಕನ್ನು ಒಂದು ರಾತ್ರಿಯ ಸಿಟ್ಟಿಗೆ ಕೊಂದವರು ಮುಂದಿನ ಸುಗ್ಗಿಯಲ್ಲಿ ಭತ್ತದ ಕಣಜದ ಬಳಿ ಆ ಲೆಕ್ಕ ತೆರುತ್ತಾರೆ. ಗೂಡಿನೊಳಗೆ ಕೋಳಿ ನುಂಗಿ, ಉಬ್ಬಿದ ಹೊಟ್ಟೆಯಿಂದಾಗಿ ಬಂದ ಕಿಂಡಿಯಲ್ಲಿ ಹೊರಹೋಗಲಾರದೆ ಸುತ್ತಿಕೊಂಡು ಮಲಗಿದ ಹೆಬ್ಬಾವನ್ನು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ ಕಾಯುವುದೇ ಸರಿ.

ಒಮ್ಮೆ ರುಚಿ ಕಂಡ ಪ್ರಾಣಿ ಮರುರಾತ್ರಿ, ತಪ್ಪಿದರೆ ಅದರ ಮರುರಾತ್ರಿ, ಅದೇ ದಾರಿಯಲ್ಲಿ ಬರುವ ಸಂಭವವೇ ಹೆಚ್ಚು. ಆದ್ದರಿಂದ ದಾಳಿಯಾದ ದಿನ ಸತ್ತ ಕೋಳಿಗಳನ್ನು ಆಳವಾಗಿ ಹೂತು, ಉಳಿದವನ್ನು ಮನೆಯೊಳಗೆ ಕವುಚಿ, ಗೂಡಿನ ಒಳಗೆ ಕೂತು ಬಾಗಿಲು ಮುಚ್ಚಿಸಿಕೊಂಡು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಬೆಳಕು ನುಸುಳುವ ಸಂದಿಗಳಲ್ಲೇ ಬೇಟೆಗಾರನ ದಾರಿಯೂ ಇರುತ್ತದೆ. ಸಂಜೆ ಗೂಡಿನ ಸುತ್ತ ಒಲೆಯ ಬೂದಿಯನ್ನು ಜರಡಿ ಹಿಡಿದು ಚೆಲ್ಲಿದರೆ ಬೆಳಗ್ಗೆ ಅದರ ಮೇಲೆ ಹೆಜ್ಜೆ ಮೂಡಿರುತ್ತದೆ. ನಾಲ್ಕು ಬೆರಳಿದ್ದು ಉಗುರಿನ ಗುರುತಿದ್ದರೆ ನಾಯಿ ಅಥವಾ ನರಿ, ನಾಲ್ಕು ಬೆರಳಿದ್ದು ಉಗುರಿಲ್ಲದಿದ್ದರೆ ಬೆಕ್ಕಿನ ಕುಲ, ಐದು ಬೆರಳಿದ್ದರೆ ಪುನುಗು ಅಥವಾ ಮರಬೆಕ್ಕು, ಹೆಜ್ಜೆಯೇ ಇಲ್ಲದೆ ಬೂದಿಯ ನಡುವೆ ಅಗಲವಾದ ಗೆರೆ ಎಳೆದಂತಿದ್ದರೆ ಹಾವು. ಬಡಗಿಯನ್ನು ಕರೆಯಬೇಕೋ, ಚಪ್ಪಡಿ ಹೂಳಬೇಕೋ, ನೆರೆಮನೆಯವರ ನಾಯಿಯ ವಿಚಾರ ಮಾತಾಡಬೇಕೋ ಎಂಬುದನ್ನು ಆ ಬೂದಿ ನೋಡಿಯೇ ತೀರ್ಮಾನಿಸಬಹುದು.